ವಾರಂಟಿ ಹೋಗದ ಹಾಗೆ ಲ್ಯಾಪ್‌ಟಾಪಿನ ಹಾರ್ಡ್‌ಡಿಸ್ಕ್ ಬದಲಿಸ್ಲಿಕ್ಕೆ ಆಗ್ತದಾ?

ಬದಿಯಡ್ಕ_ಡಿಟಿಪಿ · 2024 ಜೂನ್ 29

ಎಲ್ಲರಿಗೂ ನಮಸ್ಕಾರ. ಬದಿಯಡ್ಕದ ಹತ್ತಿರ ಮನೆಯಲ್ಲೇ ಡಿಟಿಪಿ ಮಾಡ್ತೇನೆ. ಮದುವೆ ಕಾಗದ, ಬ್ರಹ್ಮಕಲಶದ ಆಮಂತ್ರಣ, ಬಯಲಾಟದ ಹ್ಯಾಂಡ್‌ಬಿಲ್, ಸಂಘದ ವರದಿ, ಇಂಥದ್ದೇ. ಲ್ಯಾಪ್‌ಟಾಪ್ 2022ರ ಡಿಸೆಂಬರಿನಲ್ಲಿ ಮಂಗಳೂರಿನಿಂದ ತಂದದ್ದು. ಐ3 ಹನ್ನೊಂದನೇ ಜನರೇಶನ್, 8 ಜಿಬಿ ರ‍್ಯಾಮ್, 1 ಟಿಬಿ ಹಾರ್ಡ್‌ಡಿಸ್ಕ್, ವಿಂಡೋಸ್ 11. ಮನೆಗೇ ಬಂದು ನೋಡುವ ಮೂರು ವರ್ಷದ ವಾರಂಟಿ ಉಂಟು, ಅದಕ್ಕೆ ಬೇರೆ ದುಡ್ಡು ಕೊಟ್ಟಿದ್ದೆ. ಅಂದ್ರೆ ಮುಂದಿನ ವರ್ಷ ಡಿಸೆಂಬರ್‌ವರೆಗೆ ಇದೆ.

ಈಗ ಬೆಳಿಗ್ಗೆ ಆನ್ ಮಾಡಿ ದನಕ್ಕೆ ಅಕ್ಕಚ್ಚು ಇಟ್ಟು ಬಂದ್ರೂ ಆ ಸುತ್ತುವ ಚುಕ್ಕಿ ನಿಂತಿರುವುದಿಲ್ಲ. ಪೇಜ್‌ಮೇಕರ್ ತೆರೆಯುವಷ್ಟರಲ್ಲಿ ಗಿರಾಕಿ "ಸಂಜೆ ಬರ್ತೇನೆ ಅಕ್ಕ" ಅಂತ ಎದ್ದು ಹೋಗ್ತಾರೆ. ಟಾಸ್ಕ್ ಮ್ಯಾನೇಜರಿನಲ್ಲಿ ನೋಡಿದ್ರೆ ಡಿಸ್ಕ್ 100%, ಯಾವಾಗ ನೋಡಿದ್ರೂ.

ಹಾರ್ಡ್‌ಡಿಸ್ಕಿನ ಬದಲು ವೇಗದ ಎಸ್‌ಎಸ್‌ಡಿ ಹಾಕಿಸುವ ಅಂತ ಪೇಟೆಯಲ್ಲಿ ಒಬ್ಬರ ಹತ್ತಿರ ಕೇಳಿದೆ. "ಹಿಂದಿನ ಮುಚ್ಚಳ ತೆಗೆದ ಕೂಡಲೇ ವಾರಂಟಿ ಹೋಯ್ತು. ಬೇಕಿದ್ರೆ ಯಾರಿಗೂ ಗೊತ್ತಾಗದ ಹಾಗೆ ಬಿಚ್ಚಿ ಕೊಡ್ತೇನೆ" ಅಂದ್ರು. ಎರಡನೇ ಮಾತು ಕೇಳಿ ಹೆದರಿಕೆ ಇನ್ನೂ ಜಾಸ್ತಿ ಆಯ್ತು. ನಿಜ ಏನು?

ಅಡಿಕೆಮಂಡಿ · ಜೂನ್ 29

ಮುಟ್ಟಬೇಡಿ. ಅಕ್ಕನ ಮಗನ ಲ್ಯಾಪ್‌ಟಾಪಿಗೆ ಹೊರಗೆ ರ‍್ಯಾಮ್ ಹಾಕಿಸಿದ್ದು. ಆಮೇಲೆ ಡಿಸ್‌ಪ್ಲೇ ಹೋಯ್ತು. ಸರ್ವಿಸ್ ಸೆಂಟರಿಗೆ ಹೋದ್ರೆ ಸ್ಕ್ರೂ ತಲೆ ಸವೆದದ್ದನ್ನು ತೋರಿಸಿ "ನೀವು ಬಿಚ್ಚಿದ್ದೀರಿ" ಅಂತ ವಾಪಸು ಕಳಿಸಿದ್ರು. ಡಿಸ್‌ಪ್ಲೇಗೂ ರ‍್ಯಾಮಿಗೂ ಎಂತ ಸಂಬಂಧ ಕೇಳಿದ್ರೆ ಉತ್ತರ ಇಲ್ಲ. ಒಂಬತ್ತು ಸಾವಿರ ಹೋಯ್ತು. ಕಂಪನಿ ಹೆಸರು ಹೇಳ್ತೇನೆ ಬೇಕಾದ್ರೆ.

ಮಾಡರೇಟರ್ · ಜೂನ್ 29

ಹೆಸರು ಬೇಡ. ಏನಾಯ್ತು ಅಂತ ಬರೆದದ್ದು ಸಾಕು.

ಕುಂಬಳೆ_ರಿಪೇರಿ · ಜೂನ್ 29

ಅಕ್ಕ, ಇದರಲ್ಲಿ ಎರಡು ಪ್ರಶ್ನೆ ಒಟ್ಟಿಗೆ ಸೇರಿಕೊಂಡಿವೆ. ಬಿಚ್ಚಿದ್ದಕ್ಕೇ ವಾರಂಟಿ ಹೋಗ್ತದಾ ಅನ್ನುವುದು ಒಂದು. ಬಿಚ್ಚುವಾಗ ಆದ ಪೆಟ್ಟಿಗೆ ವಾರಂಟಿ ಉಂಟಾ ಅನ್ನುವುದು ಇನ್ನೊಂದು.

ಎರಡನೆಯದಕ್ಕೆ ಉತ್ತರ ಸುಲಭ, ಇಲ್ಲ. ಎಲ್ಲಿಯೂ ಇಲ್ಲ. ಸ್ಕ್ರೂಡ್ರೈವರ್ ಜಾರಿ ಬೋರ್ಡಿಗೆ ಗೀರು ಬಿದ್ರೆ, ಪ್ಲಾಸ್ಟಿಕ್ ಕೊಂಡಿ ಮುರಿದ್ರೆ, ರಿಬ್ಬನ್ ಹರಿದ್ರೆ ಅದು ನಿಮ್ಮ ತಲೆಗೇ.

ಮೊದಲನೆಯದು ಕಂಪನಿಗೂ ಮಾಡೆಲಿಗೂ ಬಿಟ್ಟದ್ದು. ಆದ್ರೆ ಜನ ಹೆದರುವಷ್ಟು ಇಲ್ಲ. ಡೆಲ್ ಸರ್ವಿಸ್ ಮ್ಯಾನುಯಲ್ ಅಂತ ಹಾಕ್ತದೆ, ಎಚ್‌ಪಿ ಮೆಂಟೆನೆನ್ಸ್ ಆಂಡ್ ಸರ್ವಿಸ್ ಗೈಡ್ ಅಂತ, ಲೆನೊವೊ ಹಾರ್ಡ್‌ವೇರ್ ಮೆಂಟೆನೆನ್ಸ್ ಮ್ಯಾನುಯಲ್ ಅಂತ. ಯಾವ ಸ್ಕ್ರೂ ಮೊದಲು, ಯಾವ ಮೂಲೆಯಿಂದ ಮುಚ್ಚಳ ಎಬ್ಬಿಸಬೇಕು, ಎಲ್ಲ ಚಿತ್ರದೊಟ್ಟಿಗೆ ಅವರೇ ಕೊಟ್ಟದ್ದು, ದುಡ್ಡಿಲ್ಲದೆ ಸಿಗ್ತದೆ. ಲೆನೊವೊದವರು ಗಿರಾಕಿಯೇ ಬದಲಿಸಬಹುದಾದ ಭಾಗಗಳಿಗೆ ಸಿಆರ್‌ಯು ಅಂತ ಹೆಸರಿಟ್ಟು ಮಾಡೆಲಿಗೊಂದು ಪಟ್ಟಿ ಮಾಡಿದ್ದಾರೆ. ನಿಮ್ಮ ಮಾಡೆಲಿನ ಪಟ್ಟಿಯಲ್ಲಿ ಅಥವಾ ಮ್ಯಾನುಯಲಿನಲ್ಲಿ ಡಿಸ್ಕ್ ಹೇಗೆ ಬಂದಿದೆ ಅಂತ ಮೊದಲು ನೋಡಿ.

ಈಗ ಮೂರು ಕೆಲಸ ಮಾಡಿ. ಲ್ಯಾಪ್‌ಟಾಪ್ ಮಗುಚಿ ಸ್ಕ್ರೂ ಮೇಲೆ ಸ್ಟಿಕ್ಕರ್ ಉಂಟಾ ನೋಡಿ. ಮಾಡೆಲ್ ನಂಬ್ರ ಹಾಕಿ ಮ್ಯಾನುಯಲ್ ಇಳಿಸಿ, ಅದರಲ್ಲಿ ಎಂ.2 ಸ್ಲಾಟ್ (ಚಪ್ಪಟೆ ಎಸ್‌ಎಸ್‌ಡಿ ಕೂರಿಸುವ ಜಾಗ) ಅಂತ ಇದೆಯಾ ನೋಡಿ. ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಅನ್ನುವ ಪ್ರೋಗ್ರಾಂ ಹಾಕಿ ಈಗಿನ ಡಿಸ್ಕಿನ ಆರೋಗ್ಯ ಹೇಳಿ. ಅಲ್ಲಿ ಹಳದಿ ಬಂದ್ರೆ ನೀವು ಏನೂ ಬಿಚ್ಚಬೇಡಿ. ಕೆಟ್ಟ ಡಿಸ್ಕನ್ನು ಪುಕ್ಕಟೆ ಬದಲಿಸುವುದು ಕಂಪನಿಯ ಕೆಲಸ.

ಪೆರ್ಲದ_ಪಡ್ಡೆ · ಜೂನ್ 29

ಅಕ್ಕ ಜೆನ್4 (ನಾಲ್ಕನೇ ಪೀಳಿಗೆಯ) ಎಸ್‌ಎಸ್‌ಡಿ ಹಾಕಿ, ಸೆಕೆಂಡಿಗೆ 7000 ಎಂಬಿ ಸ್ಪೀಡ್. ಪೇಜ್‌ಮೇಕರ್ ಅಲ್ಲ, ಅದರ ಅಜ್ಜನೂ ಓಡ್ತದೆ.

ಕುಂಬಳೆ_ರಿಪೇರಿ · ಜೂನ್ 29

@ಪೆರ್ಲದ_ಪಡ್ಡೆ ಸ್ಲಾಟ್ ಜೆನ್3 ಆದ್ರೆ 7000ದ್ದು ಕೂಡ 3500ರ ಹತ್ತಿರವೇ ನಿಲ್ತದೆ. ಹೊಳೆ ಎಷ್ಟು ಅಗಲ ಇದ್ರೂ ಪೈಪು ಮುಕ್ಕಾಲು ಇಂಚಿನದ್ದಾದ್ರೆ ತೋಟಕ್ಕೆ ಬರುವ ನೀರು ಅಷ್ಟೇ. ಮತ್ತೆ ಇವರಿಗೆ ಬೇಕಾದ್ದು ಆ ಸ್ಪೀಡೇ ಅಲ್ಲ.

ಹಾರ್ಡ್‌ಡಿಸ್ಕ್ ನಿಧಾನ ಆಗುವುದು ದೊಡ್ಡ ಫೈಲಿನಲ್ಲಿ ಅಲ್ಲ. ಒಂದು ಸಿನಿಮಾ ಕಾಪಿ ಮಾಡಿ, ಸೆಕೆಂಡಿಗೆ 100 ಎಂಬಿ ಆರಾಮಾಗಿ ಕೊಡ್ತದೆ. ವಿಂಡೋಸ್ ಏಳುವಾಗ ಓದುವುದು ಸಾವಿರಾರು ಪುಟ್ಟ ಪುಟ್ಟ ಫೈಲು. ನಿಮಿಷಕ್ಕೆ 5400 ಸುತ್ತು ಅಂದ್ರೆ ಒಂದು ಸುತ್ತಿಗೆ 11 ಮಿಲಿಸೆಕೆಂಡು. ಬೇಕಾದ ಜಾಗ ಮುಳ್ಳಿನ ಅಡಿಗೆ ಬರುವವರೆಗೆ ಸರಾಸರಿ ಅರ್ಧ ಸುತ್ತು ಕಾಯಬೇಕು, ಅದಕ್ಕೂ ಮೊದಲು ಮುಳ್ಳು ಆ ಸಾಲಿಗೆ ಹೋಗ್ಬೇಕು. ಲೆಕ್ಕ ಹಾಕಿದ್ರೆ ಸೆಕೆಂಡಿಗೆ ನೂರು ತುಣುಕು ಕೂಡ ಓದ್ಲಿಕ್ಕೆ ಆಗುವುದಿಲ್ಲ. ಎಸ್‌ಎಸ್‌ಡಿಯಲ್ಲಿ ತಿರುಗುವುದೇ ಏನೂ ಇಲ್ಲ, ಸಾಧಾರಣದ್ದು ಕೂಡ ಸೆಕೆಂಡಿಗೆ ಸಾವಿರಗಟ್ಟಲೆ ಓದ್ತದೆ.

ಮುಳ್ಳೇರಿಯ_ಮಾಷ್ಟ್ರು · ಜೂನ್ 30

ರಿಪೇರಿಯವರು ಚೆನ್ನಾಗಿ ವಿವರಿಸಿದ್ದೀರಿ. ಹತ್ತನೇ ತರಗತಿಯಲ್ಲಿ ನಾನು ಇದನ್ನು ಗ್ರಾಮಫೋನ್ ಉದಾಹರಣೆ ಕೊಟ್ಟು ಹೇಳುತ್ತಿದ್ದೆ. ಕೊನೆಕೊನೆಗೆ ಮಕ್ಕಳು "ಗ್ರಾಮಫೋನ್ ಎಂದರೆ ಏನು ಸರ್?" ಎಂದು ಕೇಳಲು ಆರಂಭಿಸಿದ ಮೇಲೆ ಬಿಟ್ಟೆ.

ಶಾಲೆಬೆಂಚು · ಜೂನ್ 30

ನಮ್ಮ ಶಾಲೆಯ ಲ್ಯಾಪ್‌ಟಾಪುಗಳೂ ಹೀಗೇ ತೆವಳ್ತವೆ. ಪಿಟಿಎ ದುಡ್ಡಿನಲ್ಲಿ ಎಸ್‌ಎಸ್‌ಡಿ ಹಾಕಿಸಬಹುದಾ ಮಾಷ್ಟ್ರೇ?

ಮುಳ್ಳೇರಿಯ_ಮಾಷ್ಟ್ರು · ಜೂನ್ 30

ಖಂಡಿತ ಬೇಡ. ಕೇರಳದ ಶಾಲೆಗಳ ಐಟಿ ಸಂಸ್ಥೆ ಕೈಟ್‌ನಿಂದ ಬಂದದ್ದು ಸರಕಾರದ ಸೊತ್ತು, ಸ್ಟಾಕ್ ರಿಜಿಸ್ಟರಿನಲ್ಲಿ ಇರುವಂಥದ್ದು. ಒಳಗಿನ ಭಾಗ ಬದಲಾದರೆ ಆಡಿಟಿನಲ್ಲಿ ಉತ್ತರ ಹೇಳಬೇಕಾದವರು ನೀವು. ಶಾಲೆಯ ಐಟಿ ಕೋಆರ್ಡಿನೇಟರ್ ಮೂಲಕ ದೂರು ದಾಖಲಿಸಿ.

ಬದಿಯಡ್ಕ_ಡಿಟಿಪಿ · ಜುಲೈ 1

ಹೇಳಿದ್ದೆಲ್ಲ ನೋಡಿದೆ. ಕ್ರಿಸ್ಟಲ್‌ಡಿಸ್ಕ್‌ಇನ್ಫೋದಲ್ಲಿ ನೀಲಿ, ಗುಡ್ ಅಂತ ಉಂಟು. ಹಿಂಬದಿಯಲ್ಲಿ ಸ್ಟಿಕ್ಕರ್ ಇಲ್ಲ, ಹತ್ತು ಸ್ಕ್ರೂ. ಮ್ಯಾನುಯಲ್ ಸಿಕ್ಕಿತು, ನೂರು ಪುಟದ ಹತ್ತಿರ ಉಂಟು. ಅದರಲ್ಲಿ ಎಂ.2 ಸ್ಲಾಟ್ ಒಂದು, ಪಿಸಿಐಇ ಜೆನ್3 ಎನ್‌ವಿಎಂಇ, 2280 ಅಂತ ಬರೆದಿದ್ದಾರೆ. ನನ್ನ ಬಿಲ್ಲಿನಲ್ಲಿ 1 ಟಿಬಿ ಹಾರ್ಡ್‌ಡಿಸ್ಕ್ ಮಾತ್ರ ಇರುವ ಕಾರಣ ಆ ಸ್ಲಾಟ್ ಖಾಲಿ ಇರ್ಬೇಕು ಅಲ್ವಾ?

ಕುಂಬಳೆ_ರಿಪೇರಿ · ಜುಲೈ 1

ಬೇಕಾದ್ದು ಅದೇ! ಹಾಗಾದ್ರೆ ನೀವು ಹಾರ್ಡ್‌ಡಿಸ್ಕ್ ಬದಲಿಸುವುದೇ ಬೇಡ. ಅದು ಅದರ ಜಾಗದಲ್ಲೇ ಇರಲಿ, ಖಾಲಿ ಸ್ಲಾಟಿಗೆ ಎಸ್‌ಎಸ್‌ಡಿ ಹಾಕಿ ವಿಂಡೋಸನ್ನು ಅದಕ್ಕೆ ತನ್ನಿ. ಕಂಪನಿ ಕೊಟ್ಟದ್ದರಲ್ಲಿ ಒಂದು ಸ್ಕ್ರೂವೂ ಕಡಿಮೆ ಆಗುವುದಿಲ್ಲ. ನಾಳೆ ಸರ್ವಿಸಿನವ ಬಂದ್ರೆ ಎಸ್‌ಎಸ್‌ಡಿ ತೆಗೆದಿಟ್ಟರೆ ಲ್ಯಾಪ್‌ಟಾಪ್ ಪೆಟ್ಟಿಗೆಯಿಂದ ಬಂದ ಹಾಗೆಯೇ.

2280 ಅಂದ್ರೆ 22 ಮಿ.ಮೀ. ಅಗಲ, 80 ಉದ್ದ. ತೆಗೆದುಕೊಳ್ಳುವಾಗ ಎನ್‌ವಿಎಂಇ ಅಂತ ಕೇಳಿ. ಎಂ.2 ಆಕಾರದಲ್ಲೇ ಸಾಟಾ ಅನ್ನುವ ಹಳೆ, ನಿಧಾನದ ಜಾತಿ ಕೂಡ ಬರ್ತದೆ, ನೋಡ್ಲಿಕ್ಕೆ ಅಣ್ಣತಮ್ಮ. ಎಸ್‌ಎಸ್‌ಡಿಯ ತುದಿಯಲ್ಲಿ ಒಂದೇ ಕಚ್ಚು ಇದ್ರೆ ಸಾಮಾನ್ಯವಾಗಿ ಎನ್‌ವಿಎಂಇ, ಎರಡು ಕಚ್ಚು ಇದ್ರೆ ಹೆಚ್ಚಿನದು ಸಾಟಾ.

ಹೊಸಂಗಡಿ_ಟು_ಕುಡ್ಲ · ಜುಲೈ 1

ಒಂದು ಮಾತು ಸೇರಿಸ್ತೇನೆ. ಬಿಚ್ಚುವ ಮೊದಲು ಕಂಪನಿಯ ಸಪೋರ್ಟಿಗೆ ಇಮೇಲ್ ಮಾಡಿ. ಸೀರಿಯಲ್ ನಂಬರ್ ಬರೆದು, "ಖಾಲಿ ಎಂ.2 ಸ್ಲಾಟಿಗೆ ನಾನೇ ಎಸ್‌ಎಸ್‌ಡಿ ಹಾಕಿದರೆ ಉಳಿದ ಭಾಗಗಳ ವಾರಂಟಿ ಮುಂದುವರಿಯುತ್ತದೆಯೇ" ಅಂತ ಒಂದೇ ಸಾಲು. ಫೋನಿನಲ್ಲಿ ಕೇಳಬೇಡಿ. ಫೋನಿನಲ್ಲಿ ಒಬ್ಬ ಆಗ್ತದೆ ಅಂತಾನೆ, ಇನ್ನೊಬ್ಬ ಆಗುದಿಲ್ಲ ಅಂತಾನೆ, ನಾಳೆ ಇಬ್ಬರೂ ಇರುವುದಿಲ್ಲ. ಬರೆದ ಉತ್ತರ ಕೈಯಲ್ಲಿದ್ರೆ ಮನೆಗೆ ಬರುವ ಎಂಜಿನಿಯರ್ ಹತ್ತಿರ ವಾದ ಮಾಡುವ ಕೆಲಸವೇ ಇಲ್ಲ.

ಅಡಿಕೆಮಂಡಿ · ಜುಲೈ 1

ಇಮೇಲಿಗೆ ಉತ್ತರ ಬಂದ ಹಾಗೆಯೇ.

ಉಪ್ಪಳ_ಕೋರ್ಟುಕಟ್ಟೆ · ಜುಲೈ 2

ಅಡಿಕೆಮಂಡಿಯವರ ಪ್ರಕರಣ ಓದಿ ಬೇಸರವಾಯ್ತು. ಡಿಸ್‌ಪ್ಲೇ ಕೆಟ್ಟದ್ದಕ್ಕೂ ರ‍್ಯಾಮಿಗೂ ಸಂಬಂಧ ಇಲ್ಲದಿದ್ರೆ ಅದನ್ನು ಅಲ್ಲಿಗೇ ಬಿಡಬೇಕಾಗಿರಲಿಲ್ಲ.

ಅಂತರ್ಜಾಲದಲ್ಲಿ "ಸ್ಟಿಕ್ಕರ್ ಹರಿದರೆ ವಾರಂಟಿ ಹೋಗುತ್ತದೆ ಎನ್ನುವುದೇ ಕಾನೂನುಬಾಹಿರ" ಅಂತ ಓದಿರ್ತೀರಿ. ಅದು ಅಮೆರಿಕದ ಮಾತು. ಅಲ್ಲಿ ವಾರಂಟಿಯ ಬಗ್ಗೆ 1975ರ ಮ್ಯಾಗ್ನಸನ್-ಮಾಸ್ ಕಾಯ್ದೆ ಉಂಟು, 2018ರಲ್ಲಿ ಅಲ್ಲಿಯ ವ್ಯಾಪಾರ ಆಯೋಗ ಎಫ್‌ಟಿಸಿ ಆರು ಕಂಪನಿಗಳಿಗೆ ಎಚ್ಚರಿಕೆ ಪತ್ರ ಬರೆದಿತ್ತು. ಕಾಸರಗೋಡಿನ ಕೌಂಟರಿನಲ್ಲಿ ಅದನ್ನು ಹೇಳಿದ್ರೆ ಎದುರಿದ್ದವ ನಗ್ತಾನೆ. ನಮ್ಮಲ್ಲಿ ರೈಟ್ ಟು ರಿಪೇರ್ ಅಂತ ಕೇಂದ್ರದ ಗ್ರಾಹಕ ವ್ಯವಹಾರ ಇಲಾಖೆಯ ಪೋರ್ಟಲ್ 2022ರ ಡಿಸೆಂಬರ್ 24ರಂದು ಶುರುವಾಗಿದೆ. ಕಂಪನಿಗಳ ರಿಪೇರಿ, ವಾರಂಟಿ ಮಾಹಿತಿ ಒಂದೇ ಕಡೆ ಸಿಗಲಿ ಅಂತ. ಅದು ಕಾಯ್ದೆ ಅಲ್ಲ.

ನಮ್ಮ ಕೈಯಲ್ಲಿರುವ ಆಯುಧ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ. ಗಡಿಯವರು ಇದನ್ನು ಗಮನಿಸಬೇಕು. ಬಿಲ್ಲು ಮಂಗಳೂರಿನದ್ದು, ಮನೆ ಕೇರಳದಲ್ಲಿ, ಹಾಗಾಗಿ ದೂರು ಕೊಡ್ಲಿಕ್ಕೆ ತಲಪಾಡಿ ದಾಟಿ ಅಲೆಯಬೇಕು ಅಂತ ಸುಮಾರು ಜನ ಕೈಬಿಡ್ತಾರೆ. ಹಳೆ ಕಾಯ್ದೆಯಲ್ಲಿ ಆ ತೊಡಕು ಇತ್ತು. ಈಗ ಗ್ರಾಹಕ ವಾಸ ಇರುವ ಅಥವಾ ದುಡಿಯುವ ಜಾಗದ ಜಿಲ್ಲಾ ಗ್ರಾಹಕ ಆಯೋಗದಲ್ಲೇ ದೂರು ಹಾಕಬಹುದು. ವಸ್ತುವಿಗೆ ಕೊಟ್ಟ ಬೆಲೆ 5 ಲಕ್ಷದೊಳಗೆ ಇದ್ರೆ ಶುಲ್ಕ ಇಲ್ಲ. ಅದಕ್ಕೂ ಮೊದಲು 1915ಕ್ಕೆ ಫೋನ್ ಮಾಡಿ ನೋಡಿ, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಸುಮಾರು ವಿಷಯ ಅಲ್ಲೇ ಮುಗೀತದೆ.

ಡಿಟಿಪಿ ಅಕ್ಕ, "ಇವರು ವ್ಯಾಪಾರಕ್ಕೆ ಬಳಸ್ತಾರೆ, ಗ್ರಾಹಕರೇ ಅಲ್ಲ" ಅಂತ ಎದುರು ಪಕ್ಷದವರು ಹೇಳಿದ್ರೂ ಹೆದರಬೇಡಿ. ಸ್ವಂತ ದುಡಿಮೆಯಿಂದ ಹೊಟ್ಟೆಪಾಡಿಗೆ ಬಳಸುವವರು ಗ್ರಾಹಕರೇ ಅಂತ ಕಾಯ್ದೆಯ ವಿವರಣೆಯಲ್ಲೇ ಉಂಟು.

ಬದಿಯಡ್ಕ_ಡಿಟಿಪಿ · ಜುಲೈ 5

ಅಡಿಕೆಮಂಡಿ ಅಣ್ಣ, ಮೂರನೇ ದಿನ ಉತ್ತರ ಬಂತು 🙂 "ಲ್ಯಾಪ್‌ಟಾಪಿಗೆ ಹೊಂದುವ ಎಸ್‌ಎಸ್‌ಡಿಯನ್ನು ಗ್ರಾಹಕರು ಸೇರಿಸಬಹುದು. ಸೇರಿಸಿದ ಭಾಗಕ್ಕೆ, ಸೇರಿಸುವಾಗ ಆದ ಹಾನಿಗೆ, ಡೇಟಾ ನಷ್ಟಕ್ಕೆ ವಾರಂಟಿ ಅನ್ವಯಿಸುವುದಿಲ್ಲ. ಉಳಿದ ಭಾಗಗಳ ವಾರಂಟಿ ಮುಂದುವರಿಯುತ್ತದೆ." ಇಂಗ್ಲಿಷಿನಲ್ಲಿತ್ತು, ಸಾರಾಂಶ ಇದು. ಪ್ರಿಂಟ್ ತೆಗೆದು ಬಿಲ್ಲಿನೊಟ್ಟಿಗೆ ಪಿನ್ ಮಾಡಿಟ್ಟೆ.

ಡಬ್ಲ್ಯುಡಿ ಬ್ಲೂ ಎಸ್‌ಎನ್570, 500 ಜಿಬಿಯದ್ದು ತರಿಸಿದೆ. ಮೂರು ಸಾವಿರದ ಚಿಲ್ಲರೆ ಆಯ್ತು. ಅದಕ್ಕೆ ಐದು ವರ್ಷ ಅಥವಾ 300 ಟಿಬಿಡಬ್ಲ್ಯು ಅಂತ ಬರೆದಿದ್ದಾರೆ, ಅದೇನು?

ಹೊಸಂಗಡಿ_ಟು_ಕುಡ್ಲ · ಜುಲೈ 5

ಒಟ್ಟು 300 ಟೆರಾಬೈಟ್ ಬರೆಯುವವರೆಗೆ ಅಥವಾ ಐದು ವರ್ಷ, ಯಾವುದು ಮೊದಲೋ ಅಲ್ಲಿಯವರೆಗೆ ವಾರಂಟಿ. ಐದು ವರ್ಷಕ್ಕೆ ಹಂಚಿದ್ರೆ ದಿನಕ್ಕೆ 164 ಜಿಬಿ. ಇಡೀ ಜಿಲ್ಲೆಯ ಮದುವೆ ಕಾಗದ ನೀವೇ ಮಾಡಿದ್ರೂ ಅಷ್ಟಾಗುದಿಲ್ಲ. ಅದರ ಬಿಲ್ ಬೇರೆ ತೆಗೆದಿಡಿ. ಎಸ್‌ಎಸ್‌ಡಿ ಕೆಟ್ರೆ ಲ್ಯಾಪ್‌ಟಾಪ್ ಕಂಪನಿ ಅಲ್ಲ, ಎಸ್‌ಎಸ್‌ಡಿ ಕಂಪನಿ.

ಬಿಟ್‌ಲಾಕರ್ (ಡಿಸ್ಕಿಗೆ ವಿಂಡೋಸ್ ಹಾಕುವ ಬೀಗ) ನೋಡಿಕೊಳ್ಳಿ. ಮೈಕ್ರೋಸಾಫ್ಟ್ ಅಕೌಂಟಿನಲ್ಲಿ ಲಾಗಿನ್ ಆದ ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ನಮಗೆ ಗೊತ್ತಿಲ್ಲದೆಯೇ ಡಿಸ್ಕ್ ಎನ್‌ಕ್ರಿಪ್ಟ್ ಆಗಿರ್ತದೆ. ಆಮೇಲೆ ಬಯಾಸ್‌ನಲ್ಲಿ (ಲ್ಯಾಪ್‌ಟಾಪ್ ಏಳುವಾಗಿನ ಮೂಲ ಸೆಟ್ಟಿಂಗ್) ಏನಾದ್ರೂ ಬದಲಿಸಿದ್ರೆ 48 ಅಂಕಿಯ ರಿಕವರಿ ಕೀ ಕೇಳ್ತದೆ. ಅದು ಅಕೌಂಟಿನಲ್ಲಿ ಸೇವ್ ಆಗಿರ್ತದೆ, ಆದ್ರೆ ಆ ಅಕೌಂಟಿನ ಪಾಸ್‌ವರ್ಡ್ ಅಂಗಡಿಯವನೇ ಹಾಕಿಕೊಟ್ಟದ್ದಾಗಿದ್ರೆ? ಮೊದಲೇ ಲಾಗಿನ್ ಆಗಿ ನೋಡಿ, ಕೀ ಇದ್ರೆ ಕಾಗದದಲ್ಲಿ ಬರೆದಿಡಿ.

ಬದಿಯಡ್ಕ_ಡಿಟಿಪಿ · ಜುಲೈ 6

ಅಂಗಡಿಯವನೇ ಹಾಕಿಕೊಟ್ಟದ್ದು! ಅವನ ನಂಬ್ರ ಹುಡುಕಿ, ಪಾಸ್‌ವರ್ಡ್ ಬದಲಿಸುವಷ್ಟರಲ್ಲಿ ಸಾಕೋ ಸಾಕಾಯ್ತು. ಎನ್‌ಕ್ರಿಪ್ಶನ್ ಆಫ್ ಇತ್ತು, ಪುಣ್ಯ.

ಈಗ ಕ್ಲೋನ್ (ಹಳೆ ಡಿಸ್ಕಿನ ಪೂರ್ತಿ ನಕಲು) ಮಾಡುವುದಾ, ಹೊಸತಾಗಿ ವಿಂಡೋಸ್ ಹಾಕುವುದಾ? ಹೊಸ ವಿಂಡೋಸಿಗೆ ದುಡ್ಡು ಕೊಡ್ಬೇಕಾ?

ಕುಂಬಳೆ_ರಿಪೇರಿ · ಜುಲೈ 6

ದುಡ್ಡು ಬೇಡ. ಲೈಸೆನ್ಸ್ ಇರುವುದು ಮದರ್‌ಬೋರ್ಡಿನಲ್ಲಿ, ಡಿಸ್ಕಿನಲ್ಲಿ ಅಲ್ಲ. ಅದೇ ಎಡಿಶನ್ ಹಾಕಿದ್ರೆ ನೆಟ್ ಸಿಕ್ಕಿದ ಕೂಡಲೇ ತಾನಾಗಿಯೇ ಆಕ್ಟಿವೇಟ್ ಆಗ್ತದೆ.

ನನ್ನ ಮತ ಹೊಸತಾಗಿ ಹಾಕುವುದಕ್ಕೆ. ಕ್ಲೋನ್ ಮಾಡಿದ್ರೆ ಹಳೆ ಕಸ ಎಲ್ಲ ಹೊಸ ಮನೆಗೆ ಬರ್ತದೆ. ಮತ್ತೆ ಕ್ಲೋನ್ ಆದ ಎರಡೂ ಡಿಸ್ಕ್ ಒಟ್ಟಿಗೆ ಇದ್ರೆ ಎರಡರದ್ದೂ ಗುರುತು ಒಂದೇ ಆಗಿ ವಿಂಡೋಸ್ ಒಂದನ್ನು ಆಫ್‌ಲೈನ್ ಇಡ್ತದೆ. 8 ಜಿಬಿಯ ಪೆನ್‌ಡ್ರೈವ್ ತೆಗೆದುಕೊಂಡು ಮೈಕ್ರೋಸಾಫ್ಟಿನ ಮೀಡಿಯಾ ಕ್ರಿಯೇಶನ್ ಟೂಲ್‌ನಲ್ಲಿ ಇನ್‌ಸ್ಟಾಲರ್ ಮಾಡಿ.

ಆದ್ರೆ ಇದೊಂದು ಮರೆಯಬಾರದು. ವಿಂಡೋಸ್ ಹಾಕುವಾಗ ಹಾರ್ಡ್‌ಡಿಸ್ಕಿನ ಕೇಬಲ್ ಬೋರ್ಡಿನಿಂದ ಬಿಡಿಸಿ ಇಡಿ. ಇಲ್ಲದಿದ್ರೆ ವಿಂಡೋಸ್ ಎಸ್‌ಎಸ್‌ಡಿಯಲ್ಲಿ, ಅದನ್ನು ಎಬ್ಬಿಸುವ ಬೂಟ್ ಫೈಲು ಹಳೆ ಡಿಸ್ಕಿನ ಇಎಫ್‌ಐ ಪಾರ್ಟಿಶನಿನಲ್ಲಿ, ಹೀಗೆ ಆಗಿಬಿಡ್ತದೆ. ಒಂದು ದಿನ ಹಳೆ ಡಿಸ್ಕ್ ಕೆಡ್ತದೆ, ಲ್ಯಾಪ್‌ಟಾಪ್ ಏಳುದೇ ಇಲ್ಲ. "ಹೊಸ ಎಸ್‌ಎಸ್‌ಡಿ ಹೋಯ್ತು" ಅಂತ ನನ್ನಲ್ಲಿಗೆ ಬರುವವರಲ್ಲಿ ಸುಮಾರು ಜನರದ್ದು ಇದೇ ಕತೆ.

ಮತ್ತೆ ನಿಮ್ಮದು ಹನ್ನೊಂದನೇ ಜನರೇಶನ್ ಇಂಟೆಲ್. ಇನ್‌ಸ್ಟಾಲರಿಗೆ ಡಿಸ್ಕ್ ಕಾಣದೇ ಹೋಗಬಹುದು. ಕಂಪನಿಯ ಸೈಟಿನಿಂದ ನಿಮ್ಮ ಮಾಡೆಲಿನ ಇಂಟೆಲ್ ರ‍್ಯಾಪಿಡ್ ಸ್ಟೋರೇಜ್ ಡ್ರೈವರ್ ಮತ್ತು ವೈಫೈ ಡ್ರೈವರ್ ಇಳಿಸಿ, ಎಕ್ಸ್‌ಟ್ರ್ಯಾಕ್ಟ್ ಮಾಡಿ ಅದೇ ಪೆನ್‌ಡ್ರೈವಿಗೆ ಹಾಕಿಟ್ಟಿರಿ.

ಪೆರ್ಲದ_ಪಡ್ಡೆ · ಜುಲೈ 6

ನಂದರಲ್ಲಿ ಎಂ.2 ಇಲ್ಲವೇ ಇಲ್ಲ 😭 2.5 ಇಂಚು ಒಂದೇ.

ಹೊಸಂಗಡಿ_ಟು_ಕುಡ್ಲ · ಜುಲೈ 6

@ಪೆರ್ಲದ_ಪಡ್ಡೆ ಹಾಗಾದ್ರೆ 7 ಮಿ.ಮೀ. ದಪ್ಪದ ಸಾಟಾ ಎಸ್‌ಎಸ್‌ಡಿ. 550 ಎಂಬಿ ಬರ್ತದೆ, ನಿನಗೆ ಧಾರಾಳ ಆಯ್ತು. ಯುಎಸ್‌ಬಿ-ಸಾಟಾ ಕೇಬಲ್ ಸಿಕ್ಕಿದ್ರೆ ಬಿಚ್ಚುವ ಮೊದಲೇ ಕ್ಲೋನ್ ಮಾಡ್ಲಿಕ್ಕೆ ಆಗ್ತದೆ. ಅದಕ್ಕೆ ಕ್ಲೋನ್‌ಜಿಲ್ಲಾ ಅನ್ನುವ ಪ್ರೋಗ್ರಾಂ ಪುಕ್ಕಟೆ, ಆದ್ರೆ 1 ಟಿಬಿಯಿಂದ 500 ಜಿಬಿಗೆ ಅದು ಸುಲಭಕ್ಕೆ ಒಪ್ಪುದಿಲ್ಲ, ಮೊದಲು ಪಾರ್ಟಿಶನ್ ಕುಗ್ಗಿಸಬೇಕು. ತೆಗೆದ ಹಳೆ ಡಿಸ್ಕ್ ಮಾರಬೇಡ, ಫಾರ್ಮ್ಯಾಟೂ ಮಾಡಬೇಡ. ವಾರಂಟಿ ಮುಗಿಯುವವರೆಗೆ ಹಾಗೇ ಇರಲಿ. ಸರ್ವಿಸಿಗೆ ಕೊಡುವಾಗ ಅದನ್ನೇ ವಾಪಸು ಹಾಕಿ ಕೊಡು, ನಿನ್ನ ಫೋಟೋಗಳಿರುವ ಎಸ್‌ಎಸ್‌ಡಿ ಮನೆಯಲ್ಲಿರಲಿ. ಸಿಲಿಕಾ ಜೆಲ್ ಪೊಟ್ಟಣದೊಟ್ಟಿಗೆ ಕವರಿನಲ್ಲಿ ಹಾಕಿ ಕಟ್ಟಿಡು, ಈ ಮಳೆಗೆ ಕನ್ನಡಕಕ್ಕೂ ಬೂಸಲು ಹಿಡೀತದೆ.

ಬದಿಯಡ್ಕ_ಡಿಟಿಪಿ · ಜುಲೈ 10

ಇವತ್ತು ಬಿಚ್ಚಿದೆ. ಕೈ ನಡುಗ್ತಿತ್ತು ಅಂತ ಹೇಳ್ಲಿಕ್ಕೆ ನಾಚಿಕೆ ಇಲ್ಲ.

ಹಳೆ ಮದುವೆ ಕಾಗದ ಒಂದನ್ನು ಮಗುಚಿ ಅದರ ಮೇಲೆ ಲ್ಯಾಪ್‌ಟಾಪಿನ ಚಿತ್ರ ಬರೆದು, ಸ್ಕ್ರೂ ತೆಗೆದ ಹಾಗೆ ಆಯಾ ಜಾಗಕ್ಕೇ ಚುಚ್ಚಿಟ್ಟೆ. ಒಳ್ಳೆದಾಯ್ತು, ಮುಂದಿನ ಅಂಚಿನ ಮೂರು ಗಿಡ್ಡ, ಉಳಿದದ್ದು ಉದ್ದ. ಅದಲು ಬದಲಾಗಿದ್ರೆ ಉದ್ದದ್ದು ಕೈ ಇಡುವ ಜಾಗದಲ್ಲಿ ತಲೆ ಎತ್ತುತ್ತಿತ್ತು. ಹಳೆ ಎಟಿಎಂ ಕಾರ್ಡಿನಲ್ಲಿ ಮುಚ್ಚಳ ಎಬ್ಬಿಸಿದೆ. ಒಂದೊಂದು ಕೊಂಡಿ ಟಕ್ ಅಂದಾಗಲೂ ಎದೆ ಟಕ್ ಅನ್ನುತ್ತಿತ್ತು. ಒಳಗೆ ಫ್ಯಾನಿನ ಹತ್ತಿರ ಹತ್ತಿಯ ಹಾಗೆ ಧೂಳು, ಒಂದು ಜಿರಳೆ ಮೊಟ್ಟೆ. ಬ್ಯಾಟರಿ ಕನೆಕ್ಟರ್ ಮೊದಲು ಬಿಡಿಸಿದೆ, ಮ್ಯಾನುಯಲಿನಲ್ಲಿ ಹಾಗೇ ಇತ್ತು.

ಸ್ಲಾಟ್ ಖಾಲಿ ಉಂಟು. ಎಸ್‌ಎಸ್‌ಡಿ ಓರೆಯಾಗಿ ಒಳಗೆ ಹೋಯ್ತು. ಆದ್ರೆ ಅದನ್ನು ಒತ್ತಿ ಹಿಡಿಯುವ ಸ್ಕ್ರೂ ಇಲ್ಲ!! ತೂತು ಉಂಟು, ಸ್ಕ್ರೂ ಇಲ್ಲ. ಎಸ್‌ಎಸ್‌ಡಿ ಪೆಟ್ಟಿಗೆಯಲ್ಲೂ ಇಲ್ಲ. ಸೆಲೋಟೇಪ್ ಹಾಕಬಹುದಾ?

ಕುಂಬಳೆ_ರಿಪೇರಿ · ಜುಲೈ 10

ಅಯ್ಯೋ ಮಾರಾಯ್ರೆ, ಟೇಪ್ ಬೇಡ. ಬಿಸಿಗೆ ಅಂಟು ಕರಗಿ ಬೋರ್ಡಿಗೆ ಬರ್ತದೆ. ಖಾಲಿ ಸ್ಲಾಟಿಗೆ ಕಂಪನಿಯವರು ಸುಮಾರು ಸಲ ಸ್ಕ್ರೂ ಕೊಡುವುದಿಲ್ಲ, ಮೊದಲೇ ಹೇಳ್ಬೇಕಿತ್ತು, ನನ್ನ ತಪ್ಪು. ಎಂ2, ಅಂದ್ರೆ 2 ಮಿ.ಮೀ. ದಪ್ಪ, 3 ಮಿ.ಮೀ. ಉದ್ದದ ಸ್ಕ್ರೂ ಬೇಕು. ನನ್ನ ಡಬ್ಬದಲ್ಲಿ ಉಂಟು. ನಾಳೆ ಬೆಳಿಗ್ಗೆ ಬಸ್ಸಿನಲ್ಲಿ ಕಳಿಸ್ತೇನೆ, ಬಸ್ಸಿನ ಹೆಸರು ಮೆಸೇಜ್ ಮಾಡ್ತೇನೆ.

ಬದಿಯಡ್ಕ_ಡಿಟಿಪಿ · ಜುಲೈ 11

ಕಂಡಕ್ಟರ್ ಬೆಂಕಿಪೆಟ್ಟಿಗೆ ಕೊಟ್ಟು "ಇದರಲ್ಲಿ ಎಂತ ಉಂಟು ಅಕ್ಕ, ಅಲ್ಲಾಡಿಸಿದ್ರೆ ಸದ್ದೇ ಇಲ್ಲ" ಅಂದ. ಹತ್ತಿಯಲ್ಲಿ ಸುತ್ತಿ ಮೂರು ಸ್ಕ್ರೂ ಇಟ್ಟಿದ್ರಿ. ಒಂದು ಸಾಕಾಗಿತ್ತು!

ಕುಂಬಳೆ_ರಿಪೇರಿ · ಜುಲೈ 11

ಒಂದು ಕೆಳಗೆ ಬೀಳ್ತದೆ, ಸಿಗುದಿಲ್ಲ. ಅದಕ್ಕೆ.

ಬದಿಯಡ್ಕ_ಡಿಟಿಪಿ · ಜುಲೈ 11

ಬಿತ್ತು. ಸಿಗಲಿಲ್ಲ.

ಬದಿಯಡ್ಕ_ಡಿಟಿಪಿ · ಜುಲೈ 13

ನಿನ್ನೆ ಇಡೀ ದಿನ ಇದರಲ್ಲೇ ಹೋಯ್ತು. ಹಾರ್ಡ್‌ಡಿಸ್ಕಿನ ಚಪ್ಪಟೆ ಕೇಬಲ್ ಬೋರ್ಡಿಗೆ ಸೇರುವಲ್ಲಿ ಉಗುರಿನಷ್ಟು ಕಪ್ಪು ಅಗುಳಿ ಉಂಟು, ಅದನ್ನು ಎತ್ತಿದ ಮೇಲೆ ಕೇಬಲ್ ತಾನಾಗಿ ಸಡಿಲ ಆಗ್ತದೆ. ಎಳೀಲಿಕ್ಕೆ ಹೋಗಬಾರದು. ಪೆನ್‌ಡ್ರೈವಿನಿಂದ ಶುರು ಮಾಡಿದೆ. ರಿಪೇರಿಯವರು ಹೇಳಿದ ಹಾಗೇ ಡಿಸ್ಕ್ ಪಟ್ಟಿ ಪೂರ್ತಿ ಖಾಲಿ. ಮೊದಲೇ ಓದಿರದಿದ್ರೆ ಎಸ್‌ಎಸ್‌ಡಿ ಹಾಳು ಅಂತ ವಾಪಸು ಕಳಿಸ್ತಿದ್ದೆ. ಲೋಡ್ ಡ್ರೈವರ್ ಒತ್ತಿ ವಿಎಂಡಿ ಅಂತ ಇದ್ದ ಫೋಲ್ಡರ್ ತೋರಿಸಿದೆ, 465 ಜಿಬಿ ಅಂತ ಬಂತು. 500 ಅಲ್ವಾ ಅಂತ ಒಮ್ಮೆ ಸಿಟ್ಟು ಬಂತು, ಮಗ ಲೆಕ್ಕ ಬಿಡಿಸಿ ಹೇಳಿದ, ಕಂಪನಿಯವರದ್ದು ಸಾವಿರದ ಲೆಕ್ಕ, ವಿಂಡೋಸಿನದ್ದು 1024ರ ಲೆಕ್ಕ ಅಂತೆ.

ಮಧ್ಯದಲ್ಲಿ ಎರಡು ಸಲ ಕರೆಂಟ್ ಹೋಯ್ತು, ಬ್ಯಾಟರಿ ವಾಪಸು ಜೋಡಿಸಿದ್ದರಿಂದ ಬಚಾವ್. ಎಲ್ಲ ಆದ ಮೇಲೆ ಹಾರ್ಡ್‌ಡಿಸ್ಕ್ ಕೇಬಲ್ ಸೇರಿಸಿ, ಬಯಾಸ್‌ನಲ್ಲಿ ಎಸ್‌ಎಸ್‌ಡಿ ಮೊದಲು ಅಂತ ಇಟ್ಟೆ.

ಆನ್ ಮಾಡಿದ್ರೆ 16 ಸೆಕೆಂಡು. ಮೊಬೈಲಿನಲ್ಲಿ ಅಳತೆ ಮಾಡಿದೆ. ಮೊದಲು ನಾಲ್ಕು ನಿಮಿಷಕ್ಕೂ ಹೆಚ್ಚು ಇತ್ತು.

ಒಂದೇ ಗಾಬರಿ, ಹಳೆಯ ಕಾಗದಗಳನ್ನು ತೆರೆದ್ರೆ ಕನ್ನಡವೇ ಇಲ್ಲ, ಎಲ್ಲ ಗಜಿಬಿಜಿ ಚಿಹ್ನೆ. ಒಂಬತ್ತು ವರ್ಷದ ಕೆಲಸ ಹೋಯ್ತು ಅಂತ ಕುರ್ಚಿಯಲ್ಲೇ ಕೂತುಬಿಟ್ಟೆ. ಆಮೇಲೆ ನೆನಪಾಯ್ತು, ನುಡಿ ಫಾಂಟ್ ಹಾಕಿರಲಿಲ್ಲ.

ಮುಳ್ಳೇರಿಯ_ಮಾಷ್ಟ್ರು · ಜುಲೈ 13

ಯೂನಿಕೋಡಿಗೆ ಬನ್ನಿ ಎಂದು ಎಷ್ಟು ವರ್ಷದಿಂದ ಹೇಳುತ್ತಿದ್ದೇನೆ.

ಬದಿಯಡ್ಕ_ಡಿಟಿಪಿ · ಜುಲೈ 13

ಮಾಷ್ಟ್ರೇ, ಪ್ರೆಸ್ಸಿನವರು ಪೇಜ್‌ಮೇಕರ್ ಫೈಲೇ ಬೇಕು ಅಂತಾರೆ. ಅವರು ಬಂದ ದಿನ ನಾನೂ ಬರ್ತೇನೆ.

ಅಡಿಕೆಮಂಡಿ · ಜುಲೈ 14

ಒಳ್ಳೆದಾಯ್ತು. ಆದ್ರೆ ನಾನು ಹೇಳಿದ್ದು ಹಾಕ್ಲಿಕ್ಕೆ ಆಗುದಿಲ್ಲ ಅಂತ ಅಲ್ಲ, ಆಮೇಲೆ ಸರ್ವಿಸಿಗೆ ಬಂದವ ಎಂತ ಹೇಳ್ತಾನೆ ಅಂತ. ಅದು ಗೊತ್ತಾಗ್ಲಿ, ಆಗ ಒಪ್ತೇನೆ.

ಬದಿಯಡ್ಕ_ಡಿಟಿಪಿ · ಸೆಪ್ಟೆಂಬರ್ 26

ಅಡಿಕೆಮಂಡಿ ಅಣ್ಣನಿಗಾಗಿ ಮತ್ತೆ ಬಂದೆ. ಹದಿನೈದು ದಿನದಿಂದ ಫ್ಯಾನ್ ಗರಗರ ಅನ್ನುತ್ತಿತ್ತು. ದೂರು ಕೊಟ್ಟೆ, ನಿನ್ನೆ ಎಂಜಿನಿಯರ್ ಬಂದ್ರು, ಕಣ್ಣೂರಿನ ಕಡೆಯವರು. ಎಸ್‌ಎಸ್‌ಡಿ ತೆಗೆಯದೆ ಹಾಗೇ ಇಟ್ಟಿದ್ದೆ, ಅಡಗಿಸುವುದು ಎಂತಕ್ಕೆ ಅಂತ. ಬೇಕಾದ್ದೆಲ್ಲ ಪೆನ್‌ಡ್ರೈವಿಗೆ ಹಾಕಿಟ್ಟಿದ್ದೆ.

ಮುಚ್ಚಳ ತೆಗೆದವರೇ "ಇದ್ ನಿಙ್ಙಳ್ ಇಟ್ಟದಾಣೋ?" (ಇದು ನೀವು ಹಾಕಿದ್ದಾ?) ಅಂತ ಕೇಳಿದ್ರು. ಹೌದು ಅಂದೆ, ಇಮೇಲಿನ ಪ್ರಿಂಟ್ ಎದುರಿಟ್ಟೆ. ಓದಲೂ ಇಲ್ಲ. ಸ್ಲಾಟಿನ ಹತ್ತಿರ ಟಾರ್ಚ್ ಹಿಡಿದು ನೋಡಿದ್ರು, ಒಂದು ಫೋಟೋ ತೆಗೆದ್ರು, ಜಾಬ್‌ಶೀಟಿನಲ್ಲಿ "ಎಸ್‌ಎಸ್‌ಡಿ ಗ್ರಾಹಕರು ಹಾಕಿದ್ದು" ಅಂತ ಒಂದು ಸಾಲು ಬರೆದ್ರು. ಫ್ಯಾನ್ ಬದಲಿಸಿ ಚಾ ಕುಡಿದು ಹೋದ್ರು. ದುಡ್ಡು ಇಲ್ಲ. ಹೋಗುವಾಗ "ಸ್ಕ್ರೂ ಎಲ್ಲ ಸರಿ ಜಾಗದಲ್ಲಿ ಉಂಟು, ಯಾರು ಮಾಡಿದ್ದು?" ಅಂತ ಕೇಳಿದ್ರು!

ಅಡಿಕೆಮಂಡಿ · ಸೆಪ್ಟೆಂಬರ್ 26

ಒಪ್ಪಿದೆ. ನಮ್ಮವನ ಸ್ಕ್ರೂ ತಲೆ ಸವೆದದ್ದೇ ಮೋಸ ಆದದ್ದು.

ಬದಿಯಡ್ಕ_ಡಿಟಿಪಿ · ಸೆಪ್ಟೆಂಬರ್ 28

ಇನ್ನೊಂದು ಸಂಗತಿ. ಫ್ಯಾನಿನ ಸದ್ದು ನಿಂತ ಮೇಲೆ ಬೇರೊಂದು ಸದ್ದು ಕೇಳ್ತಾ ಉಂಟು. ಎಡಬದಿಯಿಂದ ಟಿಕ್ ಟಿಕ್, ಹಳೆ ಫೈಲು ತೆರೆಯುವಾಗ ಮಾತ್ರ. ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಹಾಕಿದೆ. ಹಾರ್ಡ್‌ಡಿಸ್ಕ್ ಹಳದಿ, ಕಾಷನ್. ಸಿ5 ಅನ್ನುವ ಸಾಲಿನಲ್ಲಿ ಏನೋ ಅಂಕೆ ಉಂಟು.

ಕುಂಬಳೆ_ರಿಪೇರಿ · ಸೆಪ್ಟೆಂಬರ್ 28

ಸಿ5 ಅಂದ್ರೆ ಓದ್ಲಿಕ್ಕೆ ಆಗದೆ ತೀರ್ಮಾನಕ್ಕೆ ಬಾಕಿ ಇರುವ ಸೆಕ್ಟರುಗಳು. ಟಿಕ್ ಟಿಕ್ ಕೂಡ ಇದ್ರೆ ಕಾಯಬೇಡಿ. ಈಗಲೇ, ಈ ಮೆಸೇಜ್ ಓದಿದ ಕೂಡಲೇ, ಒಂಬತ್ತು ವರ್ಷದ್ದನ್ನು ಎಸ್‌ಎಸ್‌ಡಿಗೂ ಹೊರಗಿನ ಡಿಸ್ಕಿಗೂ ಎರಡು ಕಡೆ ಕಾಪಿ ಮಾಡಿ. ಬೇಕೇಬೇಕಾದ ಫೋಲ್ಡರ್ ಮೊದಲು.

ಕಾಪಿ ಆದ ಮೇಲೆ ದೂರು ಕೊಡಿ. ಆ ಡಿಸ್ಕ್ ಕಂಪನಿ ಕೊಟ್ಟದ್ದು, 2025ರ ಡಿಸೆಂಬರ್‌ವರೆಗೆ ವಾರಂಟಿ ಉಂಟು, ಹೊಸದು ಕೊಡ್ತಾರೆ. ಆದ್ರೆ ಹಳೆಯದನ್ನು ಅವರು ತೆಗೆದುಕೊಂಡು ಹೋಗ್ತಾರೆ, ಬದಲಿಸಿದ ಭಾಗ ಕಂಪನಿಯದ್ದು. ಅದರಲ್ಲಿ ಗಿರಾಕಿಗಳ ಆಧಾರ್ ಕಾಪಿ, ಫೋಟೋ ಇಲ್ಲದೆ ಇರ್ಲಿಕ್ಕಿಲ್ಲ. ಕ್ವಿಕ್ ಫಾರ್ಮ್ಯಾಟ್ ಸಾಲದು, ಕ್ವಿಕ್ ಅನ್ನುವ ಟಿಕ್ ತೆಗೆದು ಪೂರ್ತಿ ಫಾರ್ಮ್ಯಾಟ್ ಮಾಡಿ. ರಾತ್ರಿ ಇಡೀ ಓಡಬಹುದು.

ಬದಿಯಡ್ಕ_ಡಿಟಿಪಿ · ಸೆಪ್ಟೆಂಬರ್ 29

ಎರಡು ಮದುವೆ ಕಾಗದ ಮತ್ತು 2017ರ ಒಂದು ಸಂಘದ ವರದಿ ತೆರೆಯಲೇ ಇಲ್ಲ. ಉಳಿದದ್ದೆಲ್ಲ ಬಂತು. ಫಾರ್ಮ್ಯಾಟ್ ಈಗ 38%ರಲ್ಲಿ ಉಂಟು. ಆ ಸಂಘದ ಕಾರ್ಯದರ್ಶಿ ಇಲ್ಲಿ ಯಾರಾದ್ರೂ ಇದ್ರೆ ನಿಮ್ಮಲ್ಲಿ ಒಂದು ಪ್ರಿಂಟ್ ಇದೆಯಾ ನೋಡಿ ಹೇಳಿ.